ಭಯಕ್ಕೆ ಸಾಕ್ಷಿ ಯಾರು?

ಲಂಡನ್ನಿನ ಮೃಗಾಲಯ. ದಪ್ಪನೆಯ ಗಾಜಿನ ಹಲಗೆಯ ಆಚೆಗೆ ಆಫ್ರಿಕ ಖಂಡದ ಘೋರ ವಿಷಸರ್ಪವೊಂದು, ಪಫ್ ಆಡರ್ ಎಂಬ ಜಾತಿಯದು, ಮಲಗಿದೆ. ಈಚೆಗೆ, ಗಾಜಿಗೆ ಮುಖವನ್ನು ತೀರ ಸಮೀಪಕ್ಕೆ ತಂದು ನಿಂತಿರುವವನು ಚಾರ್ಲ್ಸ್ ಡಾರ್ವಿನ್. ಹಾವು ಎರಗಿದರೂ ತಾನು ಒಂದು ಹೆಜ್ಜೆಯೂ ಹಿಂಜರಿಯಕೂಡದೆಂದು ಆತ ದೃಢಸಂಕಲ್ಪ ಮಾಡಿದ್ದಾನೆ. ನಡುವೆ ಗಾಜಿದೆ, ಅಪಾಯ ಲವಲೇಶವೂ ಇಲ್ಲ, ಇದನ್ನು ಆತನ ಬುದ್ಧಿ ಚೆನ್ನಾಗಿ ಬಲ್ಲದು. ಹಾವು ಎರಗಿತು. ಸಂಕಲ್ಪವೆಲ್ಲ ಗಾಳಿಗೆ ಹಾರಿಹೋಗಿ, ಜಗತ್ತಿನ ಚಿಂತನೆಯನ್ನೇ ಅಲುಗಿಸಿದ ಆ ಮಹಾವಿಜ್ಞಾನಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಒಂದೆರಡು ಗಜ ಹಿಂದಕ್ಕೆ ನೆಗೆದಿದ್ದ! ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ೧೮೭೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತನೇ ಈ ಸಂಗತಿಯನ್ನು ಯಾವ ಸಂಕೋಚವೂ ಇಲ್ಲದೆ ಬರೆದಿಟ್ಟಿದ್ದಾನೆ.

ಈಗ ವಾಚಕರು ಒಂದು ಕಲ್ಪನೆ ಮಾಡಿಕೊಳ್ಳಬೇಕು. ಹಾವು ಎರಗುವುದಕ್ಕೆ ಒಂದು ನಿಮಿಷ ಮುಂಚೆ ಯಾರಾದರೂ ಡಾರ್ವಿನ್ನನ ಕೈಗೆ ಒಂದು ಹಾಳೆಯನ್ನೂ ಸೀಸದ ಕಡ್ಡಿಯನ್ನೂ ಕೊಟ್ಟು, ‘ಗಾಜಿನ ಹಿಂದಿರುವ ಹಾವಿಗೆ ತಾವು ಹೆದರುತ್ತೀರಾ?’ ಎಂದು ಕೇಳಿದ್ದರೆ ಆತ ಏನು ಬರೆಯುತ್ತಿದ್ದ? ‘ಇಲ್ಲ’ ಎಂದೇ ಬರೆಯುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ. ಹಾಗೆ ಬರೆದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಕೈ ‘ಇಲ್ಲ’ ಎಂದು ಬರೆಯುತ್ತದೆ, ಕಾಲು ‘ಉಂಟು’ ಎಂದು ನೆಗೆಯುತ್ತದೆ. ಎರಡರಲ್ಲಿ ಯಾರ ಸಾಕ್ಷ್ಯವನ್ನು ನಂಬಬೇಕು?

ಜ್ವರವನ್ನು ಅಳೆಯಲು ಪಾದರಸದ ಕಡ್ಡಿಯುಂಟು. ರಕ್ತದ ಒತ್ತಡಕ್ಕೆ ತೋಳಿಗೆ ಸುತ್ತುವ ಪಟ್ಟಿಯುಂಟು. ಭಯವನ್ನು ಅಳೆಯಬೇಕಾದಾಗ ಮಾತ್ರ ಮನಶ್ಶಾಸ್ತ್ರಜ್ಞರು ಬಹುಮಟ್ಟಿಗೆ ಹೆದರಿದವನನ್ನೇ ಕೇಳುತ್ತಾರೆ. ಅವನು ಹೇಳಿದ್ದನ್ನು ಅಂಕಿಗಳಿಗೆ ಇಳಿಸುತ್ತಾರೆ. ಇದಕ್ಕೆ ಕನ್ನಡದಲ್ಲಿ ‘ಆತ್ಮನಿವೇದನೆ’ ಎಂದು ಹೆಸರಿಡಬಹುದು. ಭಕ್ತಿಶಾಸ್ತ್ರದಲ್ಲಿ ನವವಿಧ ಭಕ್ತಿಯ ಕಟ್ಟಕಡೆಯ ಮೆಟ್ಟಿಲಿಗಿರುವ ಈ ದೊಡ್ಡ ಹೆಸರು ಪ್ರಯೋಗಶಾಲೆಯಲ್ಲಿ ಹೌದು, ಇಲ್ಲ ಎಂದು ಗುರುತು ಹಾಕುವ ಗುಮಾಸ್ತಗಿರಿಗೆ ಇಳಿದಿದೆ ಎಂದು ಯಾರಾದರೂ ಮುನಿದರೆ ಆ ಮುನಿಸೂ ನ್ಯಾಯವೇ.

ಆದರೆ ಇದು ಪಂಡಿತರು ತಮ್ಮತಮ್ಮಲ್ಲೇ ನಡೆಸಿಕೊಳ್ಳುವ ವಾಗ್ವಾದವಷ್ಟೇ ಅಲ್ಲ. ಹೊಸದೊಂದು ಗುಳಿಗೆ ಜನರ ಕಳವಳವನ್ನು ನಿಜವಾಗಿ ಇಳಿಸುತ್ತದೆಯೇ, ಪರೀಕ್ಷೆಯ ಹೆಸರೆತ್ತಿದರೆ ಮಂಕಾಗುವ ಹುಡುಗನಿಗೆ ಚಿಕಿತ್ಸೆ ಬೇಕೆ, ರಣರಂಗದಿಂದ ಮರಳಿದ ಸೈನಿಕ ಮತ್ತೆ ಬಂದೂಕು ಹಿಡಿಯಬಲ್ಲನೆ, ಇಂಥ ತೀರ್ಮಾನಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದು ಹಾಳೆಯ ಮೇಲಿನ ಗುರುತುಗಳ ಮುಂದೆ. ವೈದ್ಯರೇ ತುಂಬುವ ಪಟ್ಟಿಗಳೂ ಇವೆಯಲ್ಲ ಎನ್ನಬಹುದು. ಅವುಗಳಲ್ಲಿ ವೈದ್ಯರು ಬರೆದುಕೊಳ್ಳುವುದೂ ಹೆಚ್ಚಾಗಿ ರೋಗಿ ಬಾಯಿಬಿಟ್ಟು ಹೇಳಿದ್ದನ್ನೇ.

ಯುದ್ಧ ಹೆತ್ತ ಪ್ರಶ್ನಾವಳಿ

ಇಂಥ ಹಾಳೆಗಳ ವಂಶವೃಕ್ಷವನ್ನು ಹುಡುಕುತ್ತ ಹೋದರೆ ಮೊದಲನೆಯ ಮಹಾಯುದ್ಧಕ್ಕೆ ಬಂದು ಮುಟ್ಟುತ್ತೇವೆ. ೧೯೧೭ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ, ಯೂರೋಪಿನ ಕಂದಕಗಳಲ್ಲಿ ಗುಂಡಿನ ಗಾಯವಿಲ್ಲದೆಯೂ ಸೈನಿಕರು ನಡುಗುತ್ತ, ಮಾತು ಕಳೆದುಕೊಂಡು ಕುಸಿಯುತ್ತಿದ್ದ ಸುದ್ದಿ ಅಲ್ಲಿಗೆ ಆಗಲೇ ತಲಪಿತ್ತು. ಲಕ್ಷಾಂತರ ಮಂದಿಯನ್ನು ಒಬ್ಬೊಬ್ಬರನ್ನಾಗಿ ವೈದ್ಯರ ಮುಂದೆ ಕೂಡಿಸುವುದು ಆಗದ ಮಾತು. ಆಗ ಕೊಲಂಬಿಯ ವಿಶ್ವವಿದ್ಯಾನಿಲಯದ ರಾಬರ್ಟ್ ವುಡ್‌ವರ್ತ್, ವೈದ್ಯ ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಸಿ, ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಉತ್ತರಿಸುವಂತೆ ನೂರಕ್ಕೂ ಮೀರಿದ ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದ. ನಿದ್ರೆ ಚೆನ್ನಾಗಿ ಬರುತ್ತದೆಯೆ, ನದಿಯ ಮೇಲಿನ ಸೇತುವೆ ದಾಟುವಾಗ ಅಳುಕುಂಟೆ, ಈ ರೀತಿಯ ಪ್ರಶ್ನೆಗಳು. ಪಟ್ಟಿ ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿದುಹೋಯಿತು. ಬೀಜ ಮಾತ್ರ ಉಳಿಯಿತು.

೧೯೪೩ರಲ್ಲಿ ಮಿನೆಸೋಟದಲ್ಲಿ ಹ್ಯಾತ್‌ವೇ ಮತ್ತು ಮೆಕಿನ್ಲಿ ಎಂಬಿಬ್ಬರು ನೂರಾರು ಹೇಳಿಕೆಗಳ ಬೃಹತ್ ಪರೀಕ್ಷೆಯೊಂದನ್ನು ಪ್ರಕಟಿಸಿದರು. ೧೯೫೩ರಲ್ಲಿ ಜ್ಯಾನೆಟ್ ಟೇಲರ್ ಎಂಬಾಕೆ ಅದರಿಂದ ಐವತ್ತು ಹೇಳಿಕೆಗಳನ್ನು ಆಯ್ದು ಕಳವಳದ ಮಾಪಕವೊಂದನ್ನು ರಚಿಸಿದಳು. ೧೯೭೦ರಲ್ಲಿ ಚಾರ್ಲ್ಸ್ ಸ್ಪೀಲ್‌ಬರ್ಗರ್, ಈ ಗಳಿಗೆಯ ಕಳವಳವೇ ಬೇರೆ, ಹುಟ್ಟುಸ್ವಭಾವದಂತಿರುವ ಕಳವಳವೇ ಬೇರೆ ಎಂದು ವಿಂಗಡಿಸಿ ಎರಡಕ್ಕೂ ಇಪ್ಪತ್ತಿಪ್ಪತ್ತು ಹೇಳಿಕೆಗಳನ್ನು ಕೊಟ್ಟರು. ಈ ವಿಂಗಡಣೆ ಬೆಲೆಯುಳ್ಳದ್ದು. ಇಂದು ಮಳೆ ಬರುತ್ತಿದೆಯೆ ಎಂಬುದು ಒಂದು ಪ್ರಶ್ನೆ. ಇದು ಆಗುಂಬೆಯೋ ಚಿತ್ರದುರ್ಗವೋ ಎಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನಾವಳಿಗಳನ್ನು ರಚಿಸಿದವರು ಮುಗ್ಧರೇನೂ ಆಗಿರಲಿಲ್ಲ. ಜನ ತಮ್ಮನ್ನು ತಾವು ಚೆಲುವಾಗಿ ತೋರಿಸಿಕೊಳ್ಳುತ್ತಾರೆಂಬುದು ಅವರಿಗೆ ಗೊತ್ತಿತ್ತು. ಮಿನೆಸೋಟದ ಪರೀಕ್ಷೆಯಲ್ಲಿಯೇ ಅಲ್ಲಲ್ಲಿ ಕೆಲವು ಬಲೆಗಳನ್ನು ಒಡ್ಡಿದ್ದರು. ತನಗೆ ಸಿಟ್ಟೇ ಬರುವುದಿಲ್ಲ, ತಾನೆಂದೂ ಯಾರನ್ನೂ ಆಡಿಕೊಂಡದ್ದಿಲ್ಲ ಎಂಬಂಥ ಉತ್ತರಗಳನ್ನೇ ಒಬ್ಬನು ಸಾಲಾಗಿ ಕೊಡುತ್ತ ಹೋದರೆ ಅವನು ಸಂತನಿರಬೇಕು, ಇಲ್ಲವೆ ಸುಳ್ಳು ಹೇಳುತ್ತಿರಬೇಕು. ಸಂತರು ಆಸ್ಪತ್ರೆಗೆ ಬಂದು ಕಾಗದ ತುಂಬುವುದು ಅಪರೂಪವಾದ್ದರಿಂದ ಅವನ ಉಳಿದ ಉತ್ತರಗಳನ್ನೂ ಸಂದೇಹದಿಂದ ನೋಡಲಾಗುತ್ತಿತ್ತು.

ಮೂವರು ಸಾಕ್ಷಿಗಳು

ಹಾಳೆಯ ಮೇಲಿನ ಮಾತನ್ನು ಬೇರೆ ಸಾಕ್ಷ್ಯದೊಡನೆ ಒರೆಗೆ ಹಚ್ಚುವ ಕೆಲಸ ಮುಂದಿನ ದಶಕಗಳಲ್ಲಿ ಭರದಿಂದ ಸಾಗಿತು. ೧೯೫೬ರಲ್ಲಿ ರಿಚರ್ಡ್ ವಾಕ್ ಎಂಬ ಸಂಶೋಧಕ, ಧುಮುಕುಕೊಡೆ ಕಟ್ಟಿಕೊಂಡು ಹಾರುವುದನ್ನು ಕಲಿಯುತ್ತಿದ್ದ ಸೈನಿಕರ ಕೈಗೆ ಉಷ್ಣಮಾಪಕದ ಚಿತ್ರವೊಂದನ್ನು ಕೊಟ್ಟು, ತರಬೇತಿಯ ಗೋಪುರದಿಂದ ಜಿಗಿಯುವಾಗ ಹೆದರಿಕೆ ಎಲ್ಲಿಯವರೆಗೆ ಏರಿತ್ತೆಂದು ಗೆರೆ ಎಳೆಯುವಂತೆ ಹೇಳಿದ. ‘ಭಯದ ಉಷ್ಣಮಾಪಕ’ ಎಂಬ ಹೆಸರು ಬಂದದ್ದು ಹೀಗೆ.

೧೯೬೩ರಲ್ಲಿ ಪೀಟರ್ ಲ್ಯಾಂಗ್ ಮತ್ತು ಡೇವಿಡ್ ಲ್ಯಾಜೊವಿಕ್ ಹಾವಿಗೆ ವಿಪರೀತ ಹೆದರುವ ಕಾಲೇಜು ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಕೋಣೆಯ ಒಂದು ತುದಿಯಲ್ಲಿ ಗಾಜಿನ ಪೆಟ್ಟಿಗೆ. ಅದರಲ್ಲಿ ವಿಷವಿಲ್ಲದ ಒಂದು ಹಾವು. ‘ಎಷ್ಟು ಹತ್ತಿರ ಹೋಗಬಲ್ಲಿರೋ ಹೋಗಿ, ಸಾಧ್ಯವಾದರೆ ಮುಟ್ಟಿ, ಇನ್ನೂ ಸಾಧ್ಯವಾದರೆ ಕೈಗೆತ್ತಿಕೊಳ್ಳಿ’ ಎಂಬುದು ಪರೀಕ್ಷೆ. ಹೆಜ್ಜೆ ನಿಂತಲ್ಲಿ ದೂರವನ್ನು ಅಳೆಯುತ್ತಿದ್ದರು. ಭಯದ ಉಷ್ಣಮಾಪಕದ ಮೇಲೆ ಗುರುತು ಹಾಕಿಸುತ್ತಿದ್ದರು. ಇಂಥ ಪ್ರಯೋಗಗಳಿಂದ ಲ್ಯಾಂಗ್ ಅವರಿಗೆ ಹೊಳೆದ ಸತ್ಯ ಸರಳವಾದದ್ದು, ಆದರೆ ಇರಿಸುಮುರಿಸಿನದು. ಭಯಕ್ಕೆ ಮೂವರು ಸಾಕ್ಷಿಗಳಿದ್ದಾರೆ: ಮಾತು, ಮೈ, ನಡತೆ. ಮೂವರೂ ಒಂದೇ ಕತೆಯನ್ನು ಹೇಳುವುದಿಲ್ಲ. ಒಬ್ಬನು ತನಗೆ ಬಹಳ ಹೆದರಿಕೆ ಎನ್ನುತ್ತಾನೆ. ಎದೆಬಡಿತ ಶಾಂತವಾಗಿಯೇ ಇರುತ್ತದೆ. ಇನ್ನೊಬ್ಬನ ಎದೆ ಹಾರಿಬೀಳುವಂತೆ ಬಡಿದುಕೊಳ್ಳುತ್ತಿದ್ದರೂ ಹಾವನ್ನು ಎತ್ತಿಕೊಂಡುಬಿಡುತ್ತಾನೆ. ೧೯೭೪ರಲ್ಲಿ ಸ್ಟ್ಯಾನ್ಲಿ ರ‍್ಯಾಕ್‌ಮನ್ ಮತ್ತು ರೇ ಹಾಡ್ಜ್‌ಸನ್ ಈ ಹೊಂದಾಣಿಕೆ, ಹೊಂದಾಣಿಕೆಯ ಕೊರತೆಗಳನ್ನೇ ಅಧ್ಯಯನದ ವಿಷಯವಾಗಿ ಮಾಡಿದರು. ಎದೆ ನಡುಗುತ್ತಿದ್ದರೂ ಕೈ ಮುಂದೆ ಚಾಚುವುದಕ್ಕೆ ರ‍್ಯಾಕ್‌ಮನ್ ಕೊಟ್ಟ ಹೆಸರು ನಮಗೆಲ್ಲ ಪರಿಚಿತವಾದದ್ದೇ: ಧೈರ್ಯ.

ಭರತಮುನಿಯ ನಾಟ್ಯಶಾಸ್ತ್ರವನ್ನು ಓದಿದವರಿಗೆ ಈ ಮೂವರು ಸಾಕ್ಷಿಗಳು ಅಪರಿಚಿತರಲ್ಲ. ಭಯವೆಂಬುದು ಒಳಗಿನ ಸ್ಥಾಯಿಭಾವ; ಕಣ್ಣು ಹೊರಳಿಸುವುದು, ಓಡುವುದು ಮುಂತಾದುವು ಅನುಭಾವಗಳು; ಬೆವರು, ರೋಮಾಂಚ, ನಡುಕ, ಸ್ವರಭಂಗ, ಮುಖ ಬಿಳುಚುವುದು ಮುಂತಾದ ಎಂಟು ಸಾತ್ತ್ವಿಕ ಭಾವಗಳು. ಪಾಶ್ಚಾತ್ಯ ಪ್ರಯೋಗಶಾಲೆಗಳಲ್ಲಿ ಬೆರಳುಗಳಿಗೆ ತಂತಿ ಸಿಕ್ಕಿಸಿ, ಬೆವರಿದಂತೆಲ್ಲ ಚರ್ಮದಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂದು ಅಳೆಯುತ್ತಾರೆ. ಅಳೆಯುತ್ತಿರುವುದು ಭರತನ ‘ಸ್ವೇದ’ವನ್ನೇ. ಒಂದು ಅಂತರ ಮಾತ್ರ ಉಂಟು. ರಂಗದ ಮೇಲೆ ಇವೆಲ್ಲ ಒಂದಕ್ಕೊಂದು ಒದಗಿಬಂದರೆ ರಸ. ಜೀವನದಲ್ಲಿ ಒದಗಿಬರುತ್ತವೆಂಬ ಭರವಸೆಯಿಲ್ಲ. ಅದನ್ನೂ ಆ ಪೂರ್ವಿಕರು ಅರಿಯದವರಲ್ಲ: ಒಳಗಿನ ಭಾವವನ್ನು ಲಜ್ಜೆಯಿಂದಲೋ ಅಂಜಿಕೆಯಿಂದಲೋ ಮರೆಮಾಚುವುದಕ್ಕೆ ‘ಅವಹಿತ್ಥ’ ಎಂದು ಹೆಸರಿಟ್ಟು ಮೂವತ್ತಮೂರು ಸಂಚಾರಿ ಭಾವಗಳಲ್ಲಿ ಒಂದನ್ನಾಗಿ ಎಣಿಸಿದ್ದಾರೆ.

ಗಂಡಸರೂ ಇಲಿಗಳೂ

ಅವಹಿತ್ಥದ ಒಂದು ಸೊಗಸಾದ ಉದಾಹರಣೆ ೧೯೯೨ರಲ್ಲಿ ಪ್ರಕಟವಾಯಿತು. ಭಯದ ಪ್ರಶ್ನಾವಳಿಗಳಲ್ಲಿ ಹೆಂಗಸರ ಅಂಕಗಳು ಗಂಡಸರಿಗಿಂತ ಹೆಚ್ಚಾಗಿರುವುದು ಬಹುಕಾಲದಿಂದ ಕಂಡುಬಂದಿದ್ದ ಸಂಗತಿ. ಇದರಿಂದ ಹೆಂಗಸರು ಪುಕ್ಕಲರೆಂದು ತೀರ್ಮಾನಿಸಿದವರೂ ಉಂಟು. ಪಿಯರ್ಸ್ ಮತ್ತು ಕರ್ಕ್‌ಪ್ಯಾಟ್ರಿಕ್ ಎಂಬಿಬ್ಬರು ಸಂಶೋಧಕರಿಗೆ ಸಂದೇಹ ಬಂತು. ಅವರು ವಿದ್ಯಾರ್ಥಿ ವಿದ್ಯಾರ್ಥಿನಿಯರಿಂದ ಮೊದಲು ಎಂದಿನಂತೆ ಪ್ರಶ್ನಾವಳಿಯನ್ನು ತುಂಬಿಸಿದರು. ಮುಂದೆ ಮತ್ತೊಮ್ಮೆ ಕರೆಸಿ, ‘ಇಲಿ, ಹೆಗ್ಗಣ, ಜಾತ್ರೆಯ ಉರುಳುಬಂಡಿ, ಇವುಗಳ ಚಿತ್ರವನ್ನು ತೋರಿಸುತ್ತೇವೆ, ನೋಡುವಾಗ ನಿಮ್ಮ ಎದೆಬಡಿತವನ್ನು ಯಂತ್ರ ಗುರುತಿಸುತ್ತದೆ, ನೀವು ಹೇಳಿದ್ದು ನಿಜವೋ ಅಲ್ಲವೋ ಅದರಿಂದ ತಿಳಿಯುತ್ತದೆ’ ಎಂದು ಹೇಳಿ, ಅದೇ ಭಯಗಳ ಬಗ್ಗೆ ಇನ್ನೊಮ್ಮೆ ಕೇಳಿದರು. ಹೆಂಗಸರ ಉತ್ತರಗಳು ಇದ್ದಂತೆಯೇ ಇದ್ದುವು. ಗಂಡಸರ ಭಯದ ಅಂಕ ಮಾತ್ರ ಮೇಲಕ್ಕೇರಿತು! ಯಂತ್ರದ ಹೆಸರು ಕೇಳಿದ ಮೇಲೆ ಗಂಡೆದೆ ಇಲಿಯ ಮುಂದೆ ಸ್ವಲ್ಪ ತಗ್ಗಿತೆಂದು ಕಾಣುತ್ತದೆ. ಮನೆಯಲ್ಲಿ ಜಿರಲೆ ಕಂಡಾಗ ಕುರ್ಚಿಯ ಮೇಲೇರುವವರು ಯಾರು ಎಂಬ ಚರ್ಚೆಯಲ್ಲಿ ಈ ಪ್ರಯೋಗವನ್ನು ಗೃಹಿಣಿಯರು ಧಾರಾಳವಾಗಿ ಉದಾಹರಿಸಬಹುದು.

ಈ ವಿದ್ಯಾರ್ಥಿಗಳು ತಾವು ಮರೆಮಾಚುತ್ತಿದ್ದೇವೆಂದು ಬಲ್ಲವರು. ತಮಗೇ ತಿಳಿಯದಂತೆ ಮರೆಮಾಚುವವರೂ ಇದ್ದಾರೆ; ಸಂಶೋಧಕರಿಗೆ ನಿಜವಾದ ತಲೆನೋವು ಇವರಿಂದ. ೧೯೭೯ರಲ್ಲಿ ಡೇನಿಯಲ್ ವೈನ್‌ಬರ್ಗರ್ ಮತ್ತು ಸಂಗಡಿಗರು, ಟೇಲರಳ ಮಾಪಕದಲ್ಲಿ ‘ನನಗೆ ಕಳವಳವಿಲ್ಲ’ ಎಂದು ಉತ್ತರಿಸಿದ್ದ ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿದರು. ಲೋಕ ಮೆಚ್ಚುವಂತೆ ತೋರಿಸಿಕೊಳ್ಳುವ ಹಂಬಲವನ್ನು ಅಳೆಯಲು ೧೯೬೦ರಲ್ಲಿ ರಚಿತವಾಗಿದ್ದ ಇನ್ನೊಂದು ಮಾಪಕದಲ್ಲಿ ಹೆಚ್ಚು ಅಂಕ ಬಂದವರು ಒಂದು ಕಡೆ, ಕಡಮೆ ಬಂದವರು ಇನ್ನೊಂದು ಕಡೆ. ಬಳಿಕ ಕೆಲವು ನುಡಿಗಟ್ಟುಗಳನ್ನು ಕೊಟ್ಟು ತೋಚಿದಂತೆ ಪೂರ್ತಿಮಾಡಲು ಹೇಳಿದರು. ಕೆಲವು ಸಾಧಾರಣವಾದುವು, ಕೆಲವು ಕಾಮಕ್ರೋಧಗಳನ್ನು ಕೆಣಕುವಂಥವು. ಮೊದಲನೆಯ ಪಂಗಡದವರ ಎದೆಬಡಿತ, ಬೆವರು, ಹಣೆಯ ಸ್ನಾಯುಗಳ ಬಿಗಿತ ಎಲ್ಲವೂ ಎರಡನೆಯ ಪಂಗಡಕ್ಕಿಂತ ಮೇಲಿದ್ದುವು. ಕಾಗದದ ಮೇಲೆ ಎರಡೂ ಪಂಗಡ ಒಂದೇ, ಮೈಯಲ್ಲಿ ಅಜಗಜಾಂತರ.

ಇಷ್ಟಕ್ಕೆ ನಿಲ್ಲಿಸಿದರೆ, ಮಾತು ಸುಳ್ಳು, ಮೈ ನಿಜ ಎಂದು ತೀರ್ಪು ಕೊಟ್ಟುಬಿಡಬಹುದಾಗಿತ್ತು. ಆದರೆ ಅಷ್ಟು ಬೇಗ ತೀರುವ ವ್ಯಾಜ್ಯವಲ್ಲ ಇದು. ಪರೀಕ್ಷೆಗೆ ಹೆದರುವ ಹುಡುಗರನ್ನೇ ತೆಗೆದುಕೊಳ್ಳೋಣ. ೧೯೭೮ರಲ್ಲಿ ಕೆನೆತ್ ಹಾಲ್‌ರಾಯ್ಡ್ ಮತ್ತು ಸಂಗಡಿಗರು, ಪರೀಕ್ಷಾಭಯ ಹೆಚ್ಚೆಂದು ಹೇಳಿಕೊಂಡವರನ್ನೂ ಕಡಮೆಯೆಂದು ಹೇಳಿಕೊಂಡವರನ್ನೂ ಪರೀಕ್ಷೆಯ ವಾತಾವರಣದಲ್ಲಿ ಕೂಡಿಸಿ ಮೈಯ ಲಕ್ಷಣಗಳನ್ನು ಅಳೆದಾಗ, ಎರಡು ಗುಂಪುಗಳ ಮೈಯೂ ಬಹುಮಟ್ಟಿಗೆ ಒಂದೇ ರೀತಿ ಕೆರಳಿತ್ತು. ಸಭೆಯಲ್ಲಿ ಮಾತನಾಡಲು ಅಂಜುವವರನ್ನು ಕುರಿತು ಐರಿಸ್ ಮಾಸ್ ಮತ್ತು ಜೊತೆಗಾರರು ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಜಾಡಿನದು: ತಮ್ಮ ಎದೆ ಬಡಿದುಕೊಳ್ಳುತ್ತಿದೆಯೆಂದು ಅಂಜುಕುಳಿಗಳು ಹೇಳಿದರು, ಅಂಜದವರ ಎದೆಗಿಂತ ಅದು ಹೆಚ್ಚಾಗಿ ಬಡಿಯುತ್ತಿರಲಿಲ್ಲ. ಹಾಗಾದರೆ ಇವರ ಭಯವೆಲ್ಲ ನಟನೆಯೆ? ಖಂಡಿತ ಅಲ್ಲ. ಮೈಯೊಳಗಿನ ಗದ್ದಲ ಎಲ್ಲರಲ್ಲಿಯೂ ಎದ್ದಿದೆ. ಒಬ್ಬನು ಅದಕ್ಕೆ ಕಿವಿಗೊಡದೆ ಕೆಲಸದಲ್ಲಿ ತೊಡಗುತ್ತಾನೆ, ಇನ್ನೊಬ್ಬನು ಅದನ್ನೇ ಆಲಿಸುತ್ತ ಕೂಡುತ್ತಾನೆ. ಆಲಿಸುತ್ತ ಕುಳಿತವನ ಸಂಕಟ ಎದೆಬಡಿತದ ಯಂತ್ರಕ್ಕೆ ಕಾಣುವುದಿಲ್ಲ. ಅವನು ಹೇಳಿದರೆ ಮಾತ್ರ ತಿಳಿಯುತ್ತದೆ. ಮಗ ‘ಪರೀಕ್ಷೆ ಎಂದರೆ ಹೆದರಿಕೆ’ ಎಂದಾಗ ನಾಡಿ ಹಿಡಿದು ನೋಡಿ ‘ಏನೂ ಇಲ್ಲ, ಓದಿಕೋ ಹೋಗು’ ಎನ್ನುವ ತಂದೆ ಇದನ್ನು ಗಮನಿಸಬೇಕು.

ನೆನಪೆಂಬ ಮಧ್ಯವರ್ತಿ

ಮಾತನ್ನು ನಂಬುವುದಾದರೂ ಯಾವ ಮಾತನ್ನು? ಈ ಗಳಿಗೆಯ ಭಯವನ್ನು ಹೇಳುವುದು ಒಂದು. ಹೋದ ತಿಂಗಳ ಭಯವನ್ನು ನೆನೆದು ಹೇಳುವುದು ಇನ್ನೊಂದು. ನಾಳೆಯ ಭಯವನ್ನು ಊಹಿಸುವುದು ಮತ್ತೊಂದು. ಮುಂದೆ ಬರಲಿರುವ ಹೆದರಿಕೆಯನ್ನು ಜನ ಸಾಮಾನ್ಯವಾಗಿ ಹೆಚ್ಚಾಗಿಯೇ ಅಂದಾಜು ಮಾಡುತ್ತಾರೆಂದು ರ‍್ಯಾಕ್‌ಮನ್ ಮತ್ತು ಸಹೋದ್ಯೋಗಿಗಳು ೧೯೮೦ರ ದಶಕದಲ್ಲಿ ಮತ್ತೆ ಮತ್ತೆ ತೋರಿಸಿದರು. ಹಲ್ಲಿನ ವೈದ್ಯರ ಬಳಿಗೆ ಹೋಗುವವರನ್ನು ಜೆರಾರ್ಡ್ ಕೆಂಟ್ ಪರಿಶೀಲಿಸಿದರು. ಅಳುಕಿನ ಸ್ವಭಾವದವರು ಮೂರು ತಿಂಗಳ ತರುವಾಯ ನೆನಪಿಸಿಕೊಂಡ ನೋವು, ಕುರ್ಚಿಯ ಮೇಲೆ ಕುಳಿತಾಗ ನಿಜವಾಗಿ ಅನುಭವಿಸಿದ ನೋವಿಗಿಂತ, ಹೋಗುವುದಕ್ಕೆ ಮುಂಚೆ ನಿರೀಕ್ಷಿಸಿದ್ದ ನೋವಿಗೇ ಹತ್ತಿರವಾಗಿತ್ತು. ಇದು ೧೯೮೫ರಲ್ಲಿ ಅಚ್ಚಾದ ಸಂಶೋಧನೆ. ಅನುಭವ ಬಂದು ಹೋಯಿತು. ನಿರೀಕ್ಷೆಯೇ ನೆನಪಿನ ವೇಷ ಹಾಕಿಕೊಂಡು ಉಳಿಯಿತು. ಆದುದರಿಂದಲೇ ಈಚೆಗೆ ಅನೇಕ ಸಂಶೋಧಕರು ತಿಂಗಳಿಗೊಮ್ಮೆ ಕೇಳುವ ಪದ್ಧತಿಯನ್ನು ಬಿಟ್ಟು, ದಿನದಲ್ಲಿ ಕೆಲವು ಸಲ ಕೈಯಲ್ಲಿರುವ ಫೋನು ಗಂಟೆ ಬಾರಿಸಿ ‘ಈಗ ಹೇಗಿದ್ದೀರಿ?’ ಎಂದು ಕೇಳುವಂತೆ ಮಾಡಿಕೊಂಡಿದ್ದಾರೆ.

‘ಎಷ್ಟು ಹೆದರಿದಿರಿ’ ಎಂದು ಕೇಳುವುದಕ್ಕೂ ‘ಏಕೆ ಹೆದರಿದಿರಿ’ ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಪ್ರಶ್ನೆಗೆ ಬರುವ ಉತ್ತರವನ್ನು ಹೆಚ್ಚು ಎಚ್ಚರದಿಂದ ತೆಗೆದುಕೊಳ್ಳಬೇಕು. ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ ೧೯೭೭ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಒಂದು ಅಂಗಡಿಯ ಪ್ರಸಂಗವಿದೆ. ಒಂದೇ ತೆರನಾದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿರಿಸಿ ಉತ್ತಮವಾದುದನ್ನು ಆರಿಸಿ ಎಂದಾಗ, ಎಡತುದಿಯದಕ್ಕಿಂತ ಬಲತುದಿಯದನ್ನು ಹೆಚ್ಚುಕಡಮೆ ನಾಲ್ಕು ಪಟ್ಟು ಮಂದಿ ಆರಿಸಿಕೊಂಡರು. ಕಾರಣ ಕೇಳಿದರೆ, ಇಟ್ಟ ಜಾಗದಿಂದ ತಮ್ಮ ಮನಸ್ಸು ವಾಲಿತೆಂದು ಯಾರೂ ಹೇಳಲಿಲ್ಲ. ಹಾಗಿರಬಹುದೆ ಎಂದು ಕೇಳಿದಾಗ ಅಲ್ಲಗಳೆದರು. (ಚಿಕ್ಕಪೇಟೆಯ ಸೀರೆ ಅಂಗಡಿಯವರಿಗೆ ಈ ಗುಟ್ಟು ನಿಸ್ಬೆಟ್ಟರಿಗಿಂತ ಮುಂಚೆಯೇ ತಿಳಿದಿದ್ದರೆ ಆಶ್ಚರ್ಯವಿಲ್ಲ.) ತನ್ನ ಭಾವದ ಕಾರಣವನ್ನು ಮನುಷ್ಯ ಅರಿಯದಿರಬಹುದು. ಭಾವವನ್ನೇ ಅರಿಯನೆಂದು ಇದರಿಂದ ಸಿದ್ಧವಾಗುವುದಿಲ್ಲ. ಈ ಸೂಕ್ಷ್ಮವನ್ನು ಮರೆತು ಆ ಪ್ರಬಂಧವನ್ನು ಆತ್ಮನಿವೇದನೆಯ ಮರಣಶಾಸನದಂತೆ ಎತ್ತಿಹಿಡಿದವರು ಅವಸರ ಮಾಡಿದರೆಂದೇ ಹೇಳಬೇಕು.

ಯಾವ ಮಾತಿನಲ್ಲಿ ಕೇಳುವುದು?

ಇನ್ನೊಂದು ತೊಡಕು ಭಾಷೆಯದು. ಕಳವಳವನ್ನು ಪತ್ತೆಮಾಡಲು ಇಂದು ಲೋಕದಾದ್ಯಂತ ಬಳಕೆಯಲ್ಲಿರುವ ಹಾಳೆಗಳಲ್ಲಿ ಒಂದು ೨೦೦೬ರಲ್ಲಿ ಪ್ರಕಟವಾದದ್ದು. ಕಳೆದ ಎರಡು ವಾರಗಳನ್ನು ಕುರಿತ ಏಳೇ ಪ್ರಶ್ನೆಗಳು, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ಇಪ್ಪತ್ತೊಂದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ವಿಚಾರಣೆ ಬೇಕೆಂದು ಅರ್ಥ. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಅದು ಬಂದಿದೆ. ಇಂಗ್ಲಿಷಿನಲ್ಲಿ ಒಂದೇ ಪದದಿಂದ ಮುಗಿಸುವುದನ್ನು ಕನ್ನಡದಲ್ಲಿ ಹೇಳಹೊರಟರೆ ಕಳವಳ, ತಳಮಳ, ದುಗುಡ, ಆತಂಕ, ಗಾಬರಿ, ದಿಗಿಲು, ಅಳುಕು, ಅಂಜಿಕೆ ಎಲ್ಲವೂ ಬಾಗಿಲಲ್ಲಿ ಬಂದು ನಿಲ್ಲುತ್ತವೆ. ಒಂದಿದ್ದಂತೆ ಇನ್ನೊಂದಿಲ್ಲ. ಗುರುವಿಗೆ ಅಂಜುವುದು ಮರ್ಯಾದೆ. ಕತ್ತಲಿಗೆ ಹೆದರುವುದು ದೌರ್ಬಲ್ಯ. ಮಗಳು ಮನೆಗೆ ಬರುವುದು ತಡವಾದರೆ ತಾಯಿಗಾಗುವುದು ಆತಂಕ, ಅದು ರೋಗವಲ್ಲ. ಮೇಲಾಗಿ ನಮ್ಮ ಜನ ಭಯವನ್ನು ಮನಸ್ಸಿನ ಹೆಸರಿನಿಂದ ಹೇಳುವುದಕ್ಕಿಂತ ಮೈಯ ಹೆಸರಿನಿಂದ ಹೇಳುವುದೇ ಹೆಚ್ಚು. ‘ಎದೆ ಝಲ್ಲೆಂದಿತು’, ‘ಕೈಕಾಲು ತಣ್ಣಗಾಯಿತು’, ‘ಬಾಯಿ ಒಣಗಿತು’, ‘ಜಂಘಾಬಲವೇ ಉಡುಗಿತು’ ಎನ್ನುತ್ತಾರೆ. ನಡುಗುವುದರಿಂದಲೇ ಹೆದರುತ್ತೇವೆ, ಹೆದರುವುದರಿಂದ ನಡುಗುವುದಲ್ಲ ಎಂದು ೧೮೮೪ರಲ್ಲಿ ವಾದಿಸಿ ಗದ್ದಲವೆಬ್ಬಿಸಿದ ವಿಲಿಯಂ ಜೇಮ್ಸನಿಗೆ ಕನ್ನಡ ಬರುತ್ತಿದ್ದರೆ ಎಷ್ಟು ಸಾಕ್ಷ್ಯ ಸಿಗುತ್ತಿತ್ತೋ!

ಪರದೇಶದ ಪರೀಕ್ಷೆಯನ್ನು ಇಲ್ಲಿನ ನುಡಿಗೂ ನಡೆಗೂ ಒಗ್ಗಿಸುವ ಚಿಂತೆ ಈ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ, ‘ಆಕಾಶವಾಣಿ’ಯ ಮೂಲಕ ಮನೆಮಾತಾದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು; ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಯವರಿಗೆ ಹೊಂದಿಸಲು ಶ್ರಮಿಸಿದವರು. ಬುದ್ಧಿಯನ್ನು ಅಳೆಯುವುದಕ್ಕಿಂತ ಭಯವನ್ನು ಅಳೆಯುವಾಗ ಪದಗಳ ಕಾಟ ಹೆಚ್ಚು. ಲೆಕ್ಕಕ್ಕೆ ಸರಿಯುತ್ತರ ಒಂದುಂಟು. ‘ದಿಗಿಲು’ ಎಂಬುದಕ್ಕೆ ಎರಡು ಅಂಕವೋ ಮೂರು ಅಂಕವೋ ಎಂದು ತೀರ್ಮಾನಿಸಬೇಕಾದವನು ಉತ್ತರ ಹೇಳುವವನೊಬ್ಬನೇ.

ಹೆದರದ ಹೆಂಗಸು

ಈ ವಿವಾದದಲ್ಲಿ ಎರಡು ಪಕ್ಷಗಳವರೂ ಸಾಕ್ಷಿಗೆ ಕರೆಯುವ ಒಬ್ಬ ಮಹಿಳೆಯಿದ್ದಾಳೆ. ವಿದ್ವತ್ಪತ್ರಿಕೆಗಳಲ್ಲಿ ಆಕೆಗೆ ‘ಎಸ್. ಎಂ.’ ಎಂಬ ಎರಡಕ್ಷರದ ಹೆಸರು. ಮಿದುಳಿನ ಎರಡು ಬದಿಗಳಲ್ಲಿಯೂ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಪುಟ್ಟ ಭಾಗವೊಂದಿದೆ. ಭಯದ ಕಾರ್ಯದಲ್ಲಿ ಅದರ ಪಾತ್ರ ದೊಡ್ಡದು. ಅತಿವಿರಳವಾದ ಆನುವಂಶಿಕ ರೋಗವೊಂದರಿಂದ ಎಸ್. ಎಂ.ಗೆ ಎರಡೂ ಕಡೆಯ ಅಮಿಗ್ಡಲ ನಾಶವಾಗಿತ್ತು. ಅಮೆರಿಕದ ಅಯೋವದಲ್ಲಿ ೧೯೯೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಂಟ್ವಾನ್ ಬೆಚಾರ ಮತ್ತು ಸಂಗಡಿಗರು ಆಕೆಗೆ ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿ, ಒಂದು ಬಣ್ಣ ಕಂಡಾಗ ಮಾತ್ರ ಕಿವಿಗಡಚಿಕ್ಕುವಂತೆ ಕಹಳೆ ಊದಿಸಿದರು. ಯಾವ ಬಣ್ಣದ ಹಿಂದೆ ಕಹಳೆ ಬರುತ್ತದೆಂದು ಆಕೆ ಸರಿಯಾಗಿ ಹೇಳಿದಳು. ಆದರೆ ಆ ಬಣ್ಣವನ್ನು ಕಂಡಾಗ ಆಕೆಯ ಬೆರಳು ಬೆವರಲಿಲ್ಲ. ಅದೇ ಪ್ರಯೋಗದಲ್ಲಿ, ಹೊಸ ಸಂಗತಿಗಳನ್ನು ನೆನಪಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಕಳೆದುಕೊಂಡಿದ್ದ ಇನ್ನೊಬ್ಬ ರೋಗಿಯ ಬೆರಳು ಬಣ್ಣ ಕಂಡೊಡನೆ ಬೆವರಿತು. ಏಕೆಂದು ಅವನ ಬಾಯಿ ಹೇಳಲಾರದಾಯಿತು. ಮಾತೂ ಮೈಯೂ ಮಿದುಳಿನಲ್ಲಿ ಬೇರೆ ಬೇರೆ ದಾರಿ ಹಿಡಿಯಬಲ್ಲವೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಪುರಾವೆ ದುರ್ಲಭ.

ನ್ಯೂಯಾರ್ಕಿನ ಜೋಸೆಫ್ ಲೆಡೂ ಅವರು ಇಂಥ ಪುರಾವೆಗಳನ್ನು ಮುಂದಿಟ್ಟುಕೊಂಡು, ಭಯವೆಂಬ ಹೆಸರನ್ನು ಮನಸ್ಸಿಗೆ ಅನುಭವವಾಗುವ ಭಾವಕ್ಕೆ ಮಾತ್ರ ಮೀಸಲಿಡಬೇಕೆಂದು ವಾದಿಸಿದರು. ಇಲಿ ಹೆಪ್ಪುಗಟ್ಟಿದಂತೆ ನಿಲ್ಲುವುದು, ಎದೆ ಬಡಿಯುವುದು ಇವೆಲ್ಲ ಆತ್ಮರಕ್ಷಣೆಯ ಕ್ರಿಯೆಗಳು. ಭಯದ ಜೊತ��ಗಿರಬಹುದು, ಭಯವಲ್ಲ. ಭಾವಕ್ಕೆ ಅನುಭವಿಸಿದವನ ಮಾತೇ ಪರಮ ಪ್ರಮಾಣ. ಇಲಿಗಳನ್ನು ಧೈರ್ಯವಂತರನ್ನಾಗಿಸಿದ ಎಷ್ಟೋ ಔಷಧಿಗಳು ಮನುಷ್ಯರ ಕಳವಳವನ್ನು ಇಳಿಸಲಾರದೆ ಸೋತದ್ದಕ್ಕೂ ಈ ಗೊಂದಲವೇ ಕಾರಣವೆಂದು ಅವರ ಅಭಿಪ್ರಾಯ. ೨೦೧೬ರಲ್ಲಿ ಡೇನಿಯಲ್ ಪೈನ್ ಅವರೊಡನೆ ಅವರು ಈ ವಾದವನ್ನು ವಿಸ್ತರಿಸಿದಾಗ, ಲಾಸ್ ಏಂಜಲೀಸಿನ ಮೈಕೇಲ್ ಫ್ಯಾನ್ಸೆಲೋ ಎರಡು ವರ್ಷಗಳ ತರುವಾಯ ಕಟುವಾಗಿ ಉತ್ತರಿಸಿದರು: ಇದು ಮನೋವೈದ್ಯವನ್ನು ಮತ್ತೆ ಕತ್ತಲ ಯುಗಕ್ಕೆ ಒಯ್ಯುವ ಹಾದಿ, ವ್ಯಕ್ತಿಯ ಹೇಳಿಕೆ ಅಸ್ಪಷ್ಟವಾದದ್ದು, ವಿಜ್ಞಾನ ಮುಂದುವರಿದದ್ದು ಹೊರಗಿನಿಂದ ಅಳೆಯಬಲ್ಲದ್ದನ್ನು ಅಳೆದು.

ಇಬ್ಬರಲ್ಲಿಯೂ ಸತ್ಯಾಂಶವಿದೆ. ಆದರೂ ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಎದೆಬಡಿತ ಭಯವನ್ನು ತೋರಿಸುತ್ತದೆಂದು ಮೊದಲು ನಮಗೆ ಗೊತ್ತಾದುದಾದರೂ ಹೇಗೆ? ಹೆದರಿದವರು ‘ಹೆದರಿದೆ’ ಎಂದು ಹೇಳಿದ್ದರಿಂದ. ಎದೆ ಮೆಟ್ಟಿಲು ಹತ್ತಿದಾಗಲೂ ಬಡಿಯುತ್ತದೆ, ಮದುವೆಯ ಮಂಟಪದಲ್ಲಿಯೂ ಬಡಿಯುತ್ತದೆ. ಬೆರಳು ಸಂತೋಷಕ್ಕೂ ಬೆವರುತ್ತದೆ. ಸುಳ್ಳುಪತ್ತೆಯ ಯಂತ್ರ ನಿರಪರಾಧಿಯ ನಡುಕವನ್ನೂ ಅಪರಾಧಿಯ ನಡುಕವನ್ನೂ ಒಂದೇ ಗೆರೆಯಲ್ಲಿ ಬರೆಯುವುದು ಇದೇ ಕಾರಣದಿಂದ.

ಎಸ್. ಎಂ. ಕತೆ ಇನ್ನೂ ಸ್ವಲ್ಪ ಉಳಿದಿದೆ. ಹಾವು, ಜೇಡಗಳೆಂದರೆ ತನಗೆ ಆಗದು, ಅವುಗಳಿಂದ ದೂರವಿರುತ್ತೇನೆ ಎಂದು ಆಕೆ ಸಂಶೋಧಕರಿಗೆ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದಳು. ಜಸ್ಟಿನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು ಆಕೆಯನ್ನು ವಿಚಿತ್ರಪ್ರಾಣಿಗಳನ್ನು ಮಾರುವ ಅಂಗಡಿಯೊಂದಕ್ಕೆ ಕರೆದೊಯ್ದರು. ಅಲ್ಲಿ ಆಕೆ ಹಾವೊಂದನ್ನು ಮೂರು ನಿಮಿಷಕ್ಕೂ ಮೇಲ್ಪಟ್ಟು ಕೈಯಲ್ಲಿ ಹಿಡಿದು ಸವರಿದಳು. ಇನ್ನೂ ದೊಡ್ಡ, ಅಪಾಯಕಾರಿಯಾದ ಹಾವುಗಳನ್ನು ಮುಟ್ಟಬಹುದೆ ಎಂದು ಹದಿನೈದು ಸಲ ಕೇಳಿದಳು! ಎಷ್ಟು ಭಯವಾಗುತ್ತಿದೆಯೆಂದು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಕೇಳಿದರೆ ಎರಡನ್ನು ಮೀರಲಿಲ್ಲ. ಕೆಂಟಕಿಯ ಹಳೆಯ ಆಸ್ಪತ್ರೆಯೊಂದರಲ್ಲಿ ಏರ್ಪಡಿಸಿದ್ದ ‘ಭೂತದ ಮನೆ’ಯ ವಿನೋದಕ್ಕೆ ಕರೆದೊಯ್ದಾಗ, ಕತ್ತಲಲ್ಲಿ ಎಲ್ಲರಿಗಿಂತ ಮುಂದೆ ನಡೆದು, ಭೂತದ ವೇಷ ಹಾಕಿದ್ದವನೊಬ್ಬನ ತಲೆಯನ್ನು ಮುಟ್ಟಿ ಅವನನ್ನೇ ಬೆಚ್ಚಿಬೀಳಿಸಿದಳು. ೨೦೧೧ರಲ್ಲಿ ಇದೆಲ್ಲ ಪ್ರಕಟವಾಯಿತು. ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ ಮಾತನ್ನು ಆಕೆಯ ಕೈ ಸುಳ್ಳುಮಾಡಿತು. ಆ ಗಳಿಗೆಯ ಅಂಕ ಮಾತ್ರ ಕೈಯೊಡನೆ ಹೊಂದಿಕೊಂಡಿತು.

ಹೀಗೆ ಭಯವೇ ಇಲ್ಲವೆಂದು ಪ್ರಸಿದ್ಧಳಾದ ಆಕೆಗೂ, ಅದೇ ರೋಗದ ಇಬ್ಬರು ಅವಳಿ ಸೋದರಿಯರಿಗೂ, ಕೆಲವು ಕಾಲದ ಮೇಲೆ ಇದೇ ತಂಡದವರು ನೂರಕ್ಕೆ ಮೂವತ್ತೈದು ಭಾಗ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಮುಖಕ್ಕೆ ಹಾಕಿದ ಸಾಧನದ ಮೂಲಕ ಒಂದೇ ಒಂದು ಸಲ ಉಸಿರಾಡಿಸಿದರು. ಉಸಿರು ಕಟ್ಟಿದಂತಾಗುವ ಈ ಪರೀಕ್ಷೆಯಲ್ಲಿಯೂ ಆಕೆ ನಿಶ್ಚಿಂತಳಾಗಿರುವಳೆಂದು ಸಂಶೋಧಕರು ಊಹಿಸಿದ್ದರು. ಮಿದುಳು ನೆಟ್ಟಗಿದ್ದ ಹನ್ನೆರಡು ಮಂದಿಯಲ್ಲಿ ಮೂವರಿಗಷ್ಟೇ ಪ್ರಾಣಭೀತಿ ಉಂಟಾಯಿತು. ಅಮಿಗ್ಡಲವಿಲ್ಲದ ಮೂವರಲ್ಲಿ ಮೂವರಿಗೂ ಉಂಟಾಯಿತು. ಹೊರಗಿನಿಂದ ಕಣ್ಣು ಕಿವಿಗಳ ಮೂಲಕ ಬರುವ ಅಪಾಯಕ್ಕೆ ಒಂದು ದಾರಿ, ಮೈಯ ಒಳಗಿನಿಂದಲೇ ಏಳುವ ಅಪಾಯಕ್ಕೆ ಇನ್ನೊಂದು ದಾರಿ ಇರಬೇಕೆಂದು ೨೦೧೩ರಲ್ಲಿ ಪ್ರಕಟವಾದ ಆ ಲೇಖನ ಸೂಚಿಸಿತು. ಎಸ್. ಎಂ. ಏದುಸಿರು ಬಿಡುತ್ತ ಮುಖದ ಸಾಧನವನ್ನು ತೆಗೆಯುವಂತೆ ಕೈಯಾಡಿಸಿದಳು. ಅದನ್ನು ತೆಗೆದು, ಆಕೆ ಸುಧಾರಿಸಿಕೊಂಡ ಮೇಲೆ, ಆಗ ಏನನ್ನಿಸಿತೆಂದು ಸಂಶೋಧಕರು ಆಕೆಯನ್ನೇ ಕೇಳಿ ಬರೆದುಕೊಂಡರು.